ಕಬ್ಬಿಣದ ರಂಟೆಯ ಲಕ್ಷ್ಮಣರಾಯರು

ನವಲಗುಂದ ತಾಲೂಕಿನ ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ರಂಟೆಯೊಂದು ಬಿದ್ದಿದೆ. ಟ್ರ್ಯಾಕ್ಟರು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೂ ಆ ರಂಟೆಯ ಉಬ್ಬಕ್ಷರಗಳ ಮೇಲೆ ಬೆರಳಾಡಿಸಿ, ಇದು ಕಿರ್ಲೋಸ್ಕರ ರಂಟೆಯೆಂದು ಹೇಳುತ್ತಿದ್ದ. ಹೋದ ವರ್ಷ ನನ್ನ ಪರೀಕ್ಷೆಯ ಫೀ ತುಂಬಲು ಅಪ್ಪ ಅದನ್ನು ಮೋಡಕಾದವನಿಗೆ ಹಾಕಲು ಹೊರಟಾಗ ನಾನು ತಡೆದೆ. ಆ ಹೆಸರಿನ ಮನುಷ್ಯನಾರೆಂದು ತಿಳಿಯುವ ಹಂಬಲ ಹುಟ್ಟಿದ್ದು ಆಗಲೇ.

ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ನೆರೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ, ೧೮೬೯ರ ಜೂನ್ ೨೦ರಂದು. ತಂದೆ ವೇದಾಂತ ಬಲ್ಲವರು. ಮಗನಿಗೆ ಚಿತ್ರಕಲೆಯ ಹುಚ್ಚು. ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದ ಮೇಲೆ ತಮ್ಮ ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದೆಂಬುದು ಗೊತ್ತಾಯಿತು. ಚಿತ್ರಕಾರನಾಗಬೇಕೆಂದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಕುಂಚ ಬಿಟ್ಟು ಯಂತ್ರಗಳ ನಕ್ಷೆ ತೆಗೆಯುವುದನ್ನು ಕಲಿತರು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ತಮಗೆ ಬರಬೇಕಾದ ಬಡತಿ ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾದಾಗ ನೌಕರಿಯನ್ನೇ ಬಿಟ್ಟರು. (ಸರಕಾರಿ ನೌಕರಿಯ ಜಾಹೀರಾತು ಕಾಯುತ್ತಿರುವ ನನ್ನ ವರ್ಗದ ಗೆಳೆಯರು ಇದನ್ನು ಮೆಚ್ಚಲಾರರು!)

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಡನೆ ೧೮೮೮ರಲ್ಲಿ ತೆರೆದ ಸಾಯಕಲ್ ಅಂಗಡಿಯಿತ್ತು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ರಂಟೆ. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮುಟ್ಟಲಿಲ್ಲ. ತಯಾರಾದ ರಂಟೆಗಳು ಮಾರಾಟವಿಲ್ಲದೆ ಎರಡು ವರ್ಷ ಬಿದ್ದುಕೊಂಡವು. ಆ ರೈತರನ್ನು ಕಂಡು ನನಗೆ ನಗೆ ಬಾರದು. ಒಂದು ಬೆಳೆ ಕೆಟ್ಟರೆ ವರ್ಷವೆಲ್ಲ ಉಪವಾಸ ಬೀಳುವವನು ಹೊಸ ಸಾಮಾನನ್ನು ನಂಬುವುದು ಹೇಗೆ? ಅದೂ ಅಲ್ಲದೆ ಎರಕದ ಕೆಲಸ ಸುಲಭದ್ದಲ್ಲ. ಕುಳ ಬಿರುಸಾದರೆ ಕಲ್ಲಿಗೆ ಬಡಿದು ಮುರಿಯುತ್ತದೆ, ಮೆತ್ತಗಾದರೆ ಸವೆಯುತ್ತದೆ. ಇವೆರಡರ ನಡುವಿನ ಹದ ಸಿಗುವವರೆಗೆ ಕರಗಿಸುವುದು, ಎರೆಯುವುದು, ಮತ್ತೆ ಕರಗಿಸುವುದು. ಕಡೆಗೆ ಉತ್ತು ನೋಡಿದವರೇ ಇತರರಿಗೆ ಹೇಳಿದರು.

ಅಷ್ಟರಲ್ಲಿ ಬೆಳಗಾವಿಯ ಜಾಗ ಬಿಡಬೇಕಾಗಿ ಬಂತು. ಔಂಧ ಸಂಸ್ಥಾನದ ರಾಜರು ೧೯೧೦ರಲ್ಲಿ ಕುಂಡಲ ರೋಡ ಸ್ಟೇಶನ್ನಿನ ಬಳಿ ೩೨ ಎಕರೆ ಬೀಳು ಭೂಮಿಯನ್ನೂ ೧೦,೦೦೦ ರೂಪಾಯಿ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಕಳ್ಳಿ, ಹಾವುಗಳ ಆ ಬಯಲೇ ಕಿರ್ಲೋಸ್ಕರವಾಡಿಯಾಯಿತು. ಜೇಲಿನಿಂದ ಬಿಡುಗಡೆಯಾಗಿ ಬಂದವರನ್ನು ರಾಯರು ಅಲ್ಲಿ ಕಾವಲಿಗಿಟ್ಟುಕೊಂಡರು. ಇದು ನನಗೆ ರಂಟೆಗಿಂತ ದೊಡ್ಡದಾಗಿ ಕಾಣುತ್ತದೆ.

ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ, ಕೊಲ್ಲಾಪುರದ ಶಾಹು ಮಹಾರಾಜರು ಕೋಟೆಯಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಕೊಟ್ಟರು. ಅವು ಕುಲುಮೆಯಲ್ಲಿ ಕರಗಿ ರಂಟೆಗಳಾದವು.

ಮನೆತನದ ಉದ್ಯೋಗ ಮುಂದೆ ಹಬ್ಬಿತು. ೧೯೪೧ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ ಈಗ ಮುಚ್ಚಿದೆ. ಕೊಪ್ಪಳದ ಬೇವಿನಹಳ್ಳಿಯಲ್ಲಿ ಮಾತ್ರ ಅದೇ ಹೆಸರಿನ ಕಾರಖಾನೆ ಬೀಡುಕಬ್ಬಿಣ ಕರಗಿಸಿ ಎರಕ ಹೊಯ್ಯುತ್ತಿದೆ. ರಾಯರು ೧೯೫೬ರ ಸೆಪ್ಟೆಂಬರ ೨೬ರಂದು ತೀರಿಕೊಂಡರು.

ತೋಪಿನ ಕಥೆಯನ್ನು ಅಪ್ಪನಿಗೆ ಹೇಳಿದೆ. ಎಲ್ಲ ಕೇಳಿ, ತೋಪು ಏನು ದರಕ್ಕೆ ಹೋಯಿತೆಂದು ಕೇಳಿದ. ಫೀ ತುಂಬಿದ್ದು ಹತ್ತಿ ಮಾರಿದ ಹಣದಿಂದ. ರಂಟೆ ಸದ್ಯಕ್ಕೆ ಕೊಟ್ಟಿಗೆಯಲ್ಲಿಯೇ ಇದೆ.