ಹೆಣ್ಣುಮಕ್ಕಳಿಗೆ ಶಾಲೆಯ ದಾರಿ ತೆರೆದ ಬೇಗಂ ರುಕಿಯಾ

ನಮ್ಮ ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಲಿನ ಹಳ್ಳಿಗಳಲ್ಲಾಗಲಿ ಹೆಣ್ಣುಮಗಳನ್ನು ಶಾಲೆಗೆ ಸೇರಿಸದ ಮನೆ ಇಂದು ಅಪರೂಪ. ಆದರೆ ಸೇರಿದ ಮಗಳು ಎಲ್ಲಿಯವರೆಗೆ ಓದುತ್ತಾಳೆ? ಅನೇಕ ಹಳ್ಳಿಗಳಲ್ಲಿ ಏಳನೆಯ ಇಲ್ಲವೇ ಎಂಟನೆಯ ತರಗತಿಗೆ ಊರ ಶಾಲೆ ಮುಗಿಯುತ್ತದೆ. ಹೈಸ್ಕೂಲು ಬೇರೆ ಊರಿನಲ್ಲಿರುತ್ತದೆ. ತಂದೆ ದುಡಿಮೆಗೆಂದು ಗೋವಾಕ್ಕೋ ಮಂಗಳೂರಿಗೋ ಹೋಗಿರುತ್ತಾನೆ. ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಕಳಿಸುವುದು ಹೇಗೆಂದು ತಾಯಿಗೆ ಚಿಂತೆ. ಅಷ್ಟರಲ್ಲಿ ಯಾರೋ ಸಂಬಂಧ ಕೇಳಿಕೊಂಡು ಬರುತ್ತಾರೆ. ಹುಡುಗಿ ಚಿಕ್ಕವಳಾದರೆ ವರದಕ್ಷಿಣೆಯ ಹೊರೆಯೂ ಕಡಿಮೆ ಎಂಬ ಲೆಕ್ಕ ನಡೆಯುತ್ತದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವಾಗ ಆ ಮಗಳು ಯಾರದೋ ಮನೆಯ ಸೊಸೆಯಾಗಿರುತ್ತಾಳೆ.

ಈ ತಂದೆ-ತಾಯಿಯರಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದು ಹೇಳಲಾಗದು. ಅವರ ಭಯ ನಿಜವಾದುದು. ಆದರೆ ಅದಕ್ಕೆ ಅವರು ಕಂಡುಕೊಂಡ ಪರಿಹಾರ ತಪ್ಪು. ಇದೇ ಭಯವನ್ನು ನೂರು ವರ್ಷಗಳ ಹಿಂದೆ ಎದುರಿಸಿ, ಅದಕ್ಕೆ ಬೇರೊಂದು ಪರಿಹಾರ ಕಂಡುಕೊಂಡ ಮಹಿಳೆಯೊಬ್ಬರಿದ್ದರು. ಅವರ ಹೆಸರು ರುಕಿಯಾ ಸಖಾವತ್ ಹುಸೇನ್. ಬಂಗಾಳಿಗಳು ಅವರನ್ನು ಬೇಗಂ ರೊಕೆಯಾ ಎನ್ನುತ್ತಾರೆ. ನಾಡು ದೂರದ್ದಾದರೂ ಅವರ ಜೀವನ ನಮ್ಮ ಮನೆಗಳಿಗೆ ತೀರಾ ಹತ್ತಿರದ್ದು.

ರುಕಿಯಾ 1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗಪುರ ಜಿಲ್ಲೆಯ ಪಾಯರಾಬಂದ್ ಎಂಬ ಊರಿನಲ್ಲಿ ಜಮೀನ್ದಾರರ ಮನೆಯಲ್ಲಿ ಜನಿಸಿದರು. ತಂದೆ ವಿದ್ಯಾವಂತರು. ಗಂಡುಮಕ್ಕಳನ್ನು ಕಲ್ಕತ್ತದಲ್ಲಿ ಓದಿಸಿದರು. ಹೆಣ್ಣುಮಕ್ಕಳಿಗೆ ಮಾತ್ರ ಮನೆಯ ನಾಲ್ಕು ಗೋಡೆಗಳೇ ಲೋಕ. ಕುರ್‌ಆನ್ ಪಾರಾಯಣ ಕಲಿತರೆ ಸಾಕು, ಬಂಗಾಳಿ ಮತ್ತು ಇಂಗ್ಲಿಷ್ ಅವರಿಗೆ ಬೇಡ ಎಂಬುದು ಆ ಮನೆತನದ ನಿಲುವಾಗಿತ್ತು.

ಅಕ್ಕ ಕರೀಮುನ್ನಿಸಾಗೆ ಓದಿನ ಹಂಬಲ ಬಹಳ. ಕದ್ದುಮುಚ್ಚಿ ಬಂಗಾಳಿ ಪುಸ್ತಕ ಓದುತ್ತಿದ್ದ ವಿಷಯ ಬಯಲಾದಾಗ ಆಕೆಯ ಓದನ್ನು ನಿಲ್ಲಿಸಲಾಯಿತು. ಸುಮಾರು 14ನೇ ವಯಸ್ಸಿಗೆ ಮದುವೆಯೂ ಆಯಿತು. ಇನ್ನೂ ಎಳೆಯ ವಯಸ್ಸಿನಲ್ಲಿಯೇ ಆಕೆ ಇಬ್ಬರು ಗಂಡುಮಕ್ಕಳೊಂದಿಗೆ ವಿಧವೆಯಾದರು. ಆದರೂ ಆ ಅಕ್ಕ ಓದನ್ನು ಬಿಡಲಿಲ್ಲ, ತಂಗಿಯ ಕೈಯನ್ನೂ ಬಿಡಲಿಲ್ಲ. ರುಕಿಯಾಗೆ ಬಂಗಾಳಿ ಕಲಿಸಿದವರು ಅವರೇ. ಅಣ್ಣ ಇಬ್ರಾಹೀಮ್, ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ತಂಗಿಗೆ ಇಂಗ್ಲಿಷ್ ಕಲಿಸಿದರು. ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ಬಾಲಕಿ ಹೀಗೆ ವಿದ್ಯಾವಂತೆಯಾದಳು. ಮನೆಯಲ್ಲಿ ಒಬ್ಬ ಅಣ್ಣನೋ ಅಕ್ಕನೋ ಮನಸ್ಸು ಮಾಡಿದರೆ ಏನಾಗಬಲ್ಲದೆಂದು ನೋಡಿ.

1898ರಲ್ಲಿ, ಸುಮಾರು 18ರ ವಯಸ್ಸಿನಲ್ಲಿ, ಭಾಗಲ್ಪುರದಲ್ಲಿ ಅಧಿಕಾರಿಯಾಗಿದ್ದ ಸೈಯದ್ ಸಖಾವತ್ ಹುಸೇನರೊಂದಿಗೆ ಅವರ ವಿವಾಹವಾಯಿತು. ಪತಿ ವಿಧುರರು, ವಯಸ್ಸಿನಲ್ಲಿ ಬಹಳ ಹಿರಿಯರು. ಆದರೆ ಪತ್ನಿಯ ಓದು-ಬರಹಕ್ಕೆ ಬೆನ್ನೆಲುಬಾಗಿ ನಿಂತ ಸಜ್ಜನರು. ಆಕೆ ಬರೆದ ಇಂಗ್ಲಿಷ್ ಕಥೆ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆ ದಂಪತಿಗೆ ಹುಟ್ಟಿದ ಎರಡು ಹೆಣ್ಣು ಶಿಶುಗಳೂ ಬದುಕುಳಿಯಲಿಲ್ಲ. 1909ರ ಮೇ ತಿಂಗಳಲ್ಲಿ ಪತಿಯೂ ತೀರಿಕೊಂಡರು. ಹೆಣ್ಣುಮಕ್ಕಳ ಶಾಲೆಗೆಂದು ಅವರು 10,000 ರೂಪಾಯಿ ತೆಗೆದಿರಿಸಿದ್ದರು.

ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಮಣ್ಣಿಗೆ ಒಪ್ಪಿಸಿದ್ದ ಆ ತಾಯಿ ಅನ್ಯರ ಹೆಣ್ಣುಮಕ್ಕಳಿಗಾಗಿ ಎದ್ದು ನಿಂತರು. ಪತಿ ತೀರಿಕೊಂಡ ಐದೇ ತಿಂಗಳಲ್ಲಿ ಭಾಗಲ್ಪುರದಲ್ಲಿ 5 ವಿದ್ಯಾರ್ಥಿನಿಯರೊಂದಿಗೆ ಶಾಲೆ ಆರಂಭವಾಯಿತು. ಆದರೆ ಆಸ್ತಿಯ ವಿಷಯದಲ್ಲಿ ಪತಿಯ ಕಡೆಯವರಿಂದ ಕಿರುಕುಳ ಎದುರಾಗಿ ಅವರು ಆ ಊರನ್ನೇ ಬಿಡಬೇಕಾಯಿತು. 1911ರ ಮಾರ್ಚ್ 16ರಂದು ಕಲ್ಕತ್ತದ ವಲೀಉಲ್ಲಾ ಓಣಿಯ ಬಾಡಿಗೆ ಮನೆಯಲ್ಲಿ 8 ವಿದ್ಯಾರ್ಥಿನಿಯರೊಂದಿಗೆ ಪುನಃ ಶಾಲೆ ತೆರೆದರು. ಪತಿಯ ಹೆಸರಿನಲ್ಲಿ ಅದು ಸಖಾವತ್ ಮೆಮೋರಿಯಲ್ ಶಾಲೆ ಎನಿಸಿತು.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿರಿ. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ರುಕಿಯಾ ಬುರ್ಖಾ ಧರಿಸಿ ಮನೆಮನೆಗೆ ಹೋದರು. ಹೆತ್ತವರ ಆಕ್ಷೇಪಗಳನ್ನು ತಾಳ್ಮೆಯಿಂದ ಆಲಿಸಿದರು. ಪರ್ದಾ ಕೆಡುತ್ತದೆ ಎಂದರೆ ಮುಚ್ಚಿದ ವಾಹನದಲ್ಲಿ ಮಕ್ಕಳನ್ನು ಕರೆತರುವ ಏರ್ಪಾಡು ಮಾಡಿದರು. ದೀನ್ ಮರೆಯುತ್ತಾರೆ ಎಂದರೆ ಕುರ್‌ಆನ್ ಪಾಠವನ್ನು ಶಾಲೆಯೊಳಗೇ ತಂದರು. ಮನೆಗೆಲಸ ಬರುವುದಿಲ್ಲ ಎಂದರೆ ಅಡುಗೆ, ಹೊಲಿಗೆ, ರೋಗಿಗಳ ಶುಶ್ರೂಷೆಗಳನ್ನೂ ಕಲಿಸಿದರು. ಶಾಲೆ ನಡೆಸುವ ರೀತಿ ತನಗೇ ತಿಳಿಯದಿದ್ದುದರಿಂದ ನಗರದ ಇತರ ಶಾಲೆಗಳಿಗೆ ಹೋಗಿ, ಕುಳಿತು, ನೋಡಿ ಕಲಿತರು.

ಶಾಲೆಯ ಮೋಟಾರು ಬಸ್ಸಿನ ಕಥೆಯನ್ನು ಅವರೇ ಬರೆದಿಟ್ಟಿದ್ದಾರೆ. ಮೊದಲು ಆ ಬಸ್ಸನ್ನು ಎಲ್ಲ ಕಡೆಯಿಂದಲೂ ಮುಚ್ಚಲಾಗಿತ್ತು. ಒಳಗೆ ಗಾಳಿ ಬೆಳಕಿಲ್ಲದೆ ಮಕ್ಕಳು ಹೆದರಿ ಅತ್ತರು, ಕೆಲವರು ವಾಂತಿ ಮಾಡಿದರು, ಕೆಲವರು ಮೂರ್ಛೆ ಹೋದರು. ಹೆತ್ತವರಿಂದ ದೂರುಗಳು ಬಂದವು. ಆಗ ಕಿಟಕಿ ತೆರೆದು ಪರದೆ ಕಟ್ಟಿಸಿದರು. ಪರದೆ ಗಾಳಿಗೆ ಹಾರಾಡುತ್ತದೆ, ಪರ್ದಾ ಉಳಿಯುವುದಿಲ್ಲ ಎಂದು ಹೆಸರಿಲ್ಲದ ಬೆದರಿಕೆ ಪತ್ರಗಳು ಬಂದವು. ಮುಚ್ಚಿದರೂ ತಪ್ಪು, ತೆರೆದರೂ ತಪ್ಪು! ಬೇರೆ ಯಾರಾದರೂ ಆಗಿದ್ದರೆ ಬೇಸತ್ತು ಶಾಲೆಯನ್ನೇ ಮುಚ್ಚುತ್ತಿದ್ದರು. ರುಕಿಯಾ ಬಸ್ಸನ್ನು ನಿಲ್ಲಿಸಲಿಲ್ಲ.

1916ರಲ್ಲಿ ಅವರು ಅಂಜುಮನೆ ಖವಾತೀನೆ ಇಸ್ಲಾಂ ಎಂಬ ಮಹಿಳಾ ಸಂಘವನ್ನು ಕಟ್ಟಿದರು. ಬಡ ವಿಧವೆಯರಿಗೆ ಆಸರೆ ನೀಡುವುದು, ಬಡ ಹುಡುಗಿಯರ ಓದಿಗೆ ನೆರವಾಗುವುದು ಅದರ ಕೆಲಸವಾಗಿತ್ತು. ಅವರ ಶಾಲೆ ಬೆಳೆದು ಹೈಸ್ಕೂಲಾಯಿತು. 1932ರ ಡಿಸೆಂಬರ್ 9ರಂದು ಅವರು ಇಹಲೋಕ ತ್ಯಜಿಸಿದಾಗ ಮಹಿಳೆಯರ ಹಕ್ಕುಗಳ ಕುರಿತಾದ ಲೇಖನವೊಂದು ಮೇಜಿನ ಮೇಲೆ ಅರ್ಧಕ್ಕೇ ನಿಂತಿತ್ತು. ಆ ಶಾಲೆ ಇಂದಿಗೂ ಕಲ್ಕತ್ತದಲ್ಲಿ ನಡೆಯುತ್ತಿದೆ. ಬಾಂಗ್ಲಾದೇಶದಲ್ಲಿ ಡಿಸೆಂಬರ್ 9ನ್ನು ಅವರ ಹೆಸರಿನಲ್ಲಿ ಆಚರಿಸುತ್ತಾರೆ.

ಅವರ ಜೀವಿತಕಾಲದಲ್ಲಿಯೇ, 1929ರಲ್ಲಿ, ಬಾಲ್ಯವಿವಾಹ ನಿರ್ಬಂಧ ಕಾಯ್ದೆ ಅಂಗೀಕಾರವಾಯಿತು. ಹುಡುಗಿಗೆ 14, ಹುಡುಗನಿಗೆ 18 ವರ್ಷ ತುಂಬಿರಬೇಕೆಂದು ಅದು ವಿಧಿಸಿತು. ಆಗ ಗದಗ ಮುಂಬೈ ಪ್ರಾಂತದಲ್ಲಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಬ್ರಿಟಿಷ್ ಭಾರತದ ಆ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿಯೇ ಅನ್ವಯವಾಗುತ್ತಿರಲಿಲ್ಲ. ಇಂದು ಆ ಗಡಿಗಳಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಮದುವೆ ಮಾಡಿಸಿದವರೂ, ಅದಕ್ಕೆ ನೆರವಾದ ಹೆತ್ತವರೂ ಶಿಕ್ಷೆಗೆ ಗುರಿಯಾಗುತ್ತಾರೆ. ಆದರೂ ಬಾಲ್ಯವಿವಾಹ ನಿಂತಿಲ್ಲ. ಕಾಯ್ದೆ ಮದುವೆಯನ್ನು ತಡೆಯಬಹುದು. ತಡೆದ ಮೇಲೆ ಆ ಹುಡುಗಿ ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗಬೇಕು? ಆ ಪ್ರಶ್ನೆಗೆ ಉತ್ತರ ಶಾಲೆ. ಬೇಗಂ ರುಕಿಯಾ ಜೀವಮಾನವಿಡೀ ದುಡಿದದ್ದು ಆ ಉತ್ತರಕ್ಕಾಗಿ.

ಹುಡುಗಿಯನ್ನು ಬೇಗ ಮದುವೆ ಮಾಡುವುದೇ ದೀನಿಗೆ ಹತ್ತಿರವೆಂದು ಕೆಲವರು ತಿಳಿದಿದ್ದಾರೆ. ಅವರು ಸೂರಃ ಅನ್ನಿಸಾದ ಆರನೆಯ ಸೂಕ್ತವನ್ನು ಅರ್ಥಸಹಿತ ಓದಲಿ. ಅನಾಥರು ವಿವಾಹದ ಪ್ರಾಯಕ್ಕೆ ತಲಪಿದ ಮೇಲೂ, ಅವರಲ್ಲಿ ವಿವೇಕ ಪಕ್ವವಾದುದನ್ನು ಕಂಡರೆ ಮಾತ್ರ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕೆಂದು ಅಲ್ಲಾಹನು ಆದೇಶಿಸಿದ್ದಾನೆ. ಸೊತ್ತು ನಿಭಾಯಿಸಲಿಕ್ಕೇ ವಿವೇಕ ಬೇಕಾದರೆ ಸಂಸಾರ ನಿಭಾಯಿಸಲಿಕ್ಕೆ ಬೇಡವೇ? ತಂದೆ ಮಾಡಿಸಿದ ನಿಕಾಹ್ ತನಗೆ ಒಪ್ಪಿಗೆಯಿಲ್ಲವೆಂದು ದೂರು ತಂದ ಖನ್ಸಾ ಬಿಂತ್ ಖಿದಾಮ್(ರ)ರ ನಿಕಾಹನ್ನು ಪ್ರವಾದಿ(ಸ)ರು ರದ್ದುಗೊಳಿಸಿದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಹದಿನಾಲ್ಕರ ಹುಡುಗಿ ತಂದೆಯ ಮುಂದೆ ತಲೆ ತಗ್ಗಿಸಿ ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದು ಭಾವಿಸಿ ನೆಮ್ಮದಿಯಿಂದಿರಲು ನಿಮ್ಮಿಂದ ಸಾಧ್ಯವೇ?

ಪ್ರಿಯ ಓದುಗರೇ, ನಮ್ಮ ಕಾಲದಲ್ಲಿ ದಾರಿ ರುಕಿಯಾರ ಕಾಲಕ್ಕಿಂತ ಸುಲಭವಾಗಿದೆ. 2023ರ ಜೂನ್‌ನಿಂದ ಕರ್ನಾಟಕದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಖರ್ಚಿಲ್ಲ. ದುಡಿಮೆಗೆ ಊರು ಬಿಡುವವರ ಮಕ್ಕಳಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಂತಹ ಉಚಿತ ವಸತಿ ಶಾಲೆಗಳಿವೆ. ಉಳಿದಿರುವುದು ನಮ್ಮ ಪಾಲಿನ ಕೆಲಸ. ಒಂದು ಓಣಿಯ ನಾಲ್ಕು ಹುಡುಗಿಯರು ಒಟ್ಟಾಗಿ ಹೋಗಿಬರುವಂತೆ ಅವರ ತಾಯಂದಿರು ಮಾತಾಡಿಕೊಳ್ಳಲಿ. ಒಬ್ಬ ಹಿರಿಯರು ಸರದಿಯಂತೆ ಬಸ್ ನಿಲ್ದಾಣದವರೆಗೆ ಜೊತೆಯಾಗಲಿ. ಜನ್ಮ ದಾಖಲೆ ನೋಡದೆ ನಿಕಾಹ್ ದಫ್ತರ ತೆರೆಯುವುದಿಲ್ಲವೆಂದು ಪ್ರತಿಯೊಂದು ಜಮಾಅತ್ ನಿರ್ಧರಿಸಲಿ. ಎಲ್ಲಿಯಾದರೂ ಚಿಕ್ಕ ಹುಡುಗಿಯ ಮದುವೆ ಗೊತ್ತಾಗಿದ್ದರೆ ಮೊದಲು ಆ ಮನೆಗೆ ಹೋಗಿ ಅವರ ಕಷ್ಟ ಕೇಳಿರಿ, ನೆರವಾಗಿರಿ. ಮಾತು ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ.

ಈ ಸಲ ಶಾಲೆ ತೆರೆದಾಗ ನಿಮ್ಮ ಓಣಿಯಲ್ಲಿ ಯಾವ ಹುಡುಗಿಯ ಚೀಲ ಮನೆಯಲ್ಲಿಯೇ ಉಳಿದಿದೆಯೆಂದು ಒಮ್ಮೆ ವಿಚಾರಿಸಿರಿ. ನಮ್ಮ ಹೆಣ್ಣುಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಅವರನ್ನು ಓದಿಸುವ ಧೈರ್ಯವನ್ನು ನಮಗೂ ಅಲ್ಲಾಹನು ದಯಪಾಲಿಸಲಿ. ಆಮೀನ್.