ಡಾ. ಬಿ.ಆರ್. ಅಂಬೇಡ್ಕರ್: ಬಾಲ್ಯ ಮತ್ತು ವಿದ್ಯಾಸಾಧನೆ

ಭಾರತ ಸಂವಿಧಾನದ ಶಿಲ್ಪಿ ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಅವರು ದಿನಾಂಕ 14-04-1891ರಂದು ಇಂದಿನ ಮಧ್ಯಪ್ರದೇಶದ ಮಹೂವಿನಲ್ಲಿ ಜನಿಸಿದರು. ತಂದೆ ಸುಬೇದಾರ್ ರಾಮಜಿ ಸಕ್ಪಾಲ್, ತಾಯಿ ಭೀಮಾಬಾಯಿ.

ಸಾತಾರದ ಶಾಲೆಯಲ್ಲಿ ಅವರನ್ನು ಅಸ್ಪೃಶ್ಯರೆಂದು ಪರಿಗಣಿಸಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಪ್ರತ್ಯೇಕವಾಗಿ ಕೂರಿಸಲಾಗುತ್ತಿತ್ತು. ಜವಾನನು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಜವಾನನಿಲ್ಲದ ದಿನ ಬಾಯಾರಿಕೆಯೇ ಗತಿಯಾಗಿತ್ತು. 1901ರಲ್ಲಿ ತಂದೆಯನ್ನು ಕಾಣಲು ಸೋದರನೊಂದಿಗೆ ಮಸೂರು ರೈಲು ನಿಲ್ದಾಣದಿಂದ ಎತ್ತಿನ ಗಾಡಿಯಲ್ಲಿ ಹೊರಟಾಗ, ಬುತ್ತಿಯಿದ್ದರೂ ಕುಡಿಯಲು ನೀರು ದೊರೆಯದೆ ಹಸಿದೇ ರಾತ್ರಿ ಕಳೆದರು.

ಇಂತಹ ಅವಮಾನಗಳ ನಡುವೆಯೂ ಕಲಿಕೆ ಮುಂದುವರಿಯಲು ಮನೆಯ ಆಸರೆ ಕಾರಣವಾಯಿತು. ಮಗನ ಪುಸ್ತಕಗಳಿಗಾಗಿ ತಂದೆಯವರು ವಿವಾಹಿತ ಪುತ್ರಿಯರ ಒಡವೆಗಳನ್ನು ಪಡೆದು ಒತ್ತೆಯಿಡುತ್ತಿದ್ದರು. ಅಂಬೇಡ್ಕರ್ ಅವರು 1907ರಲ್ಲಿ ಮೆಟ್ರಿಕ್, 1912ರಲ್ಲಿ ಬಿ.ಎ. ಪರೀಕ್ಷೆಗಳಲ್ಲಿ ಉತ್ತೀರ್ಣರಾದರು. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿ, 24ನೇ ವಯಸ್ಸಿನಲ್ಲಿ ಎಂ.ಎ. ಪದವಿ ಪಡೆದರು. 1923ರಲ್ಲಿ ಲಂಡನ್ನಿನಲ್ಲಿ ಡಿ.ಎಸ್‌ಸಿ. ಪದವಿಗೆ ಪಾತ್ರರಾದರು.

ಬಾಲ್ಯದಲ್ಲಿ ನೀರಿನಿಂದ ವಂಚಿತರಾದ ಅವರು 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಸಹಸ್ರಾರು ಜನರೊಡನೆ ಕುಡಿದು ಸಮಾನ ಹಕ್ಕನ್ನು ಪ್ರತಿಪಾದಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ಅನುಚ್ಛೇದವು ಸಾರ್ವಜನಿಕ ಬಾವಿ, ಕೆರೆಗಳ ಬಳಕೆಯಲ್ಲಿ ಜಾತಿಭೇದವನ್ನು ನಿಷೇಧಿಸಿದೆ. 17ನೇ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಅವರು ದಿನಾಂಕ 06-12-1956ರಂದು ನಿಧನ ಹೊಂದಿದರು.

ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದ ಅವಧಿಯಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಅರ್ಹ ವಿದ್ಯಾರ್ಥಿಗಳು ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.