ಸೆರೆಸ್ ಕಂಡ ಯಾಜಕ ಜುಸೆಪ್ಪೆ ಪಿಯಾಜಿ

1801ನೆಯ ಇಸವಿಯ ಜನವರಿ 1, ಹತ್ತೊಂಬತ್ತನೆಯ ಶತಮಾನದ ಮೊದಲ ರಾತ್ರಿ. ಸಿಸಿಲಿಯ ಪಲೆರ್ಮೊ ನಗರದ ಅರಮನೆಯ ಗೋಪುರದಲ್ಲಿ ಕಥೋಲಿಕ ಯಾಜಕರೊಬ್ಬರು ವೃಷಭ ರಾಶಿಯ ನಕ್ಷತ್ರಗಳ ಸ್ಥಾನಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಅಂದು ಕಂಡ ಒಂದು ಮಂದ ಚುಕ್ಕೆ ಮರುರಾತ್ರಿ ತನ್ನ ಸ್ಥಳದಲ್ಲಿರಲಿಲ್ಲ. ಅದರ ಮರುರಾತ್ರಿ ಇನ್ನಷ್ಟು ಸರಿದಿತ್ತು.

ಆ ಯಾಜಕರೇ ಜುಸೆಪ್ಪೆ ಪಿಯಾಜಿ. ಉತ್ತರ ಇಟಲಿಯ ವಾಲ್ತೆಲ್ಲಿನ ಕಣಿವೆಯಲ್ಲಿ 1746ರಲ್ಲಿ ಜನಿಸಿದ ಅವರು ಥಿಯಟೈನ್ ಸಭೆಯ ಸದಸ್ಯರು. ಪಲೆರ್ಮೊದಲ್ಲಿ ಗಣಿತದ ಅಧ್ಯಾಪಕರಾಗಿದ್ದವರು ಖಗೋಳಶಾಸ್ತ್ರವನ್ನು ಕೈಗೆತ್ತಿಕೊಂಡದ್ದು ನಲವತ್ತರ ವಯಸ್ಸಿನಲ್ಲಿ. ಅದಕ್ಕಾಗಿ ಪ್ಯಾರಿಸ್ ಮತ್ತು ಲಂಡನ್ನಿಗೆ ತೆರಳಿದರು. ಇಂಗ್ಲೆಂಡಿನಲ್ಲಿ ಹರ್ಷೆಲ್ಲರ ದೂರದರ್ಶಕದ ಏಣಿಯಿಂದ ಬಿದ್ದು ಕೈ ಮುರಿದುಕೊಂಡರಂತೆ! ಆದರೆ ಬರಿಗೈಯಲ್ಲಿ ಮರಳಲಿಲ್ಲ. ರಾಮ್ಸ್‌ಡನ್ ಎಂಬ ಕುಶಲಿಯಿಂದ ಐದು ಅಡಿ ವ್ಯಾಸದ ಅಳತೆಚಕ್ರವೊಂದನ್ನು ಮಾಡಿಸಿ ತಂದರು.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಇನ್ನೊಂದು ಗ್ರಹವಿರಬೇಕೆಂದು ಜರ್ಮನಿಯ ವಿದ್ವಾಂಸರು ಒಂದು ಕೂಟವನ್ನೇ ಕಟ್ಟಿಕೊಂಡಿದ್ದರು. ಪಿಯಾಜಿಯವರನ್ನೂ ಅದಕ್ಕೆ ಕರೆಯಬೇಕೆಂದಿದ್ದರು. ಆ ಕರೆ ಇನ್ನೂ ತಲಪಿರಲಿಲ್ಲ. ಅವರು ಹುಡುಕುತ್ತಿದ್ದುದನ್ನು ಇವರು ಹುಡುಕದೆಯೇ ಕಂಡರು.

ಮುಂದೆ ನಡೆದುದು ವಿಚಿತ್ರ. ಜನವರಿ 24ರಂದು ಬರೆದ ಪತ್ರಗಳಲ್ಲಿ ಅವರು ಅದನ್ನು ಧೂಮಕೇತುವೆಂದೇ ಕರೆದರು. ಮಿಲಾನಿನ ಗೆಳೆಯ ಓರಿಯಾನಿಗೆ ಮಾತ್ರ, ಅದು ಧೂಮಕೇತುವಿಗಿಂತ ಹೆಚ್ಚಿನದಿರಬಹುದೆಂಬ ಗುಮಾನಿಯನ್ನು ತಿಳಿಸಿದರು. ಫೆಬ್ರವರಿ 11ರ ತನಕ ನೋಡಿದರು. ಬಳಿಕ ಅನಾರೋಗ್ಯ ಅಡ್ಡಬಂತು. ಅಷ್ಟರಲ್ಲಿ ಆ ಕಾಯ ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಪೂರ್ಣ ಅಳತೆಗಳು ಇತರರ ಕೈಸೇರುವಾಗ ವಸಂತ ಕಾಲ. ಬಚ್ಚಿಟ್ಟರೆಂದು ಹಲವರು ಬೇಸರಗೊಂಡರು. ನಮಗೂ ಇದು ಅತಿಯಾದ ಎಚ್ಚರವೆಂದೇ ತೋರುತ್ತದೆ. ಆದರೆ ತಮ್ಮ ಲೆಕ್ಕವನ್ನು ಪೂರ್ಣವಾಗಿ ನಂಬದವನು ಗ್ರಹವೊಂದನ್ನು ಸಾರಲು ಹಿಂಜರಿದುದನ್ನು ಅಪರಾಧವೆನ್ನಲಾರೆವು.

ಆ ಕಾಯ ಸೂರ್ಯನನ್ನು ಸುತ್ತಲು ಸುಮಾರು 4.6 ವರ್ಷ ಬೇಕು. ಕೈಯಲ್ಲಿದ್ದುದು ಕೇವಲ 41 ದಿನಗಳ ದಾರಿ. ಇಷ್ಟು ಚಿಕ್ಕ ತುಣುಕಿನಿಂದ ಇಡೀ ಕಕ್ಷೆಯನ್ನು ತಿಳಿಯುವುದೆಂತು? 24 ವರ್ಷದ ಗೌಸ್ ಹೊಸ ಗಣಿತಕ್ರಮದಿಂದ ಅದನ್ನು ಸಾಧಿಸಿದನು. ಅವನು ಹೇಳಿದ ಸ್ಥಳದ ಸಮೀಪದಲ್ಲೇ ಫಾನ್ ಜಾಕ್ 1801ರ ಡಿಸೆಂಬರ್ 31ರಂದು ಅದನ್ನು ಮರಳಿ ಕಂಡರು. ಈ ತೊಡಕು ಹಳೆಯದಾಯಿತೆನ್ನುವಂತಿಲ್ಲ. ಭೂಮಿಯ ಸಮೀಪ ಸುಳಿಯುವ ಅಪೋಫಿಸ್ ಕ್ಷುದ್ರಗ್ರಹವೂ 2004ರ ಜೂನ್‌ನಲ್ಲಿ ಎರಡೇ ರಾತ್ರಿ ಕಂಡು ಕಳೆದುಹೋಗಿ, ಡಿಸೆಂಬರ್‌ನಲ್ಲಿ ಮತ್ತೆ ಸಿಕ್ಕಿತು. ಅದು 2029ರಲ್ಲಿ ಭೂಮಿಗೆ ಅಪ್ಪಳಿಸಬಹುದೆಂಬ ಆತಂಕ ಕೆಲಕಾಲ ಹಬ್ಬಿ, ಕಕ್ಷೆ ಸ್ಪಷ್ಟವಾದ ಮೇಲಷ್ಟೇ ನಿವಾರಣೆಯಾಯಿತು.

ಪಿಯಾಜಿಯವರು ತಮ್ಮ ಕಾಯಕ್ಕೆ ಸಿಸಿಲಿಯ ಪುರಾತನ ದೇವತೆಯ ಹೆಸರನ್ನೂ ಅರಸನ ಹೆಸರನ್ನೂ ಕೂಡಿಸಿ ಸೆರೆಸ್ ಫರ್ಡಿನಾಂಡಿಯ ಎಂದರು; ಅರಸನ ಹೆಸರು ಉಳಿಯಲಿಲ್ಲ. 2006ರಿಂದ ಸೆರೆಸ್ ಕುಬ್ಜಗ್ರಹವೆನಿಸಿದೆ. ಅರಸನು ಚಿನ್ನದ ಪದಕ ಕೊಡಲು ಬಯಸಿದಾಗ, ಆ ಹಣದಲ್ಲಿ ದೂರದರ್ಶಕ ಕೊಡಿಸಿರೆಂದು ಅವರು ಬೇಡಿದರು. ನಕ್ಷತ್ರಪಟ್ಟಿಯ ಕೆಲಸವನ್ನೂ ಬಿಡಲಿಲ್ಲ. 1814ರ ಆವೃತ್ತಿಯಲ್ಲಿ 7,646 ನಕ್ಷತ್ರಗಳಿದ್ದವು.

1826ರ ಜುಲೈ 22ರಂದು ನೇಪಲ್ಸಿನಲ್ಲಿ ಅವರು ದೈವಾಧೀನರಾದರು. ಗೌಸ್ ತನ್ನ ಹಿರಿಯ ಮಗನಿಗೆ ಅವರ ನೆನಪಿನಲ್ಲಿ ಯೋಸೆಫ್ ಎಂದು ಹೆಸರಿಟ್ಟಿದ್ದನು.